ಕೊಳಾಯಿ ಬದಲಿಸಿದ ಮಾತ್ರಕ್ಕೆ ಕಿಡ್ನಿ ಉಳಿಯದು

ಹಳ್ಳಿಗಳಲ್ಲಿ ಕಿಡ್ನಿ ಫೇಲಾಗಿ ಸಾಯುವವರು ಹೆಚ್ಚಾಗಿದ್ದಾರೆ ಎಂಬ ಸುದ್ದಿ ಯಾವ ಸೀಮೆಯಿಂದ ಬಂದರೂ ಅದರ ಬೆನ್ನಿಗೇ ಬರುವ ಮಾತು ಒಂದೇ: ಬೋರ್‌ವೆಲ್ ನೀರು ಕೆಟ್ಟಿದೆ, ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸಿ. ಊರಿನವರ ಬೇಡಿಕೆಯೂ ಅದೇ, ಶಾಸಕರ ಭರವಸೆಯೂ ಅದೇ, ಪತ್ರಿಕೆಗಳ ಸಂಪಾದಕೀಯವೂ ಅದೇ. ಘಟಕದ ಉದ್ಘಾಟನೆಯಾಗಿ ನಲ್ಲಿಯಲ್ಲಿ ನೀರು ಬಂದ ದಿನ ಆ ಊರಿನ ಕಡತ ಮುಚ್ಚಿತು ಎಂದೇ ಲೆಕ್ಕ. ಈ ಒಮ್ಮತವನ್ನು ನಾನು ಒಪ್ಪುವುದಿಲ್ಲ. ನೀರು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಹಲವೆಡೆ ಅದು ಅಪರಾಧಿಯೇ ಇರಬಹುದು. ಆದರೆ ನಾವು ನೀರೊಂದನ್ನೇ ಕಟಕಟೆಗೆ ನಿಲ್ಲಿಸಿ ಉಳಿದವರನ್ನೆಲ್ಲ ವಿಚಾರಣೆಯಿಲ್ಲದೆ ಬಿಟ್ಟಿದ್ದೇವೆ. ಸುಡುಬಿಸಿಲಿನಲ್ಲಿ ಗುತ್ತಿಗೆ ಲೆಕ್ಕಕ್ಕೆ ದುಡಿಸಿಕೊಳ್ಳುವವರು, ನೋವಿನ ಇಂಜೆಕ್ಷನ್ ಚುಚ್ಚಿ ಮತ್ತೆ ಗದ್ದೆಗೆ ಕಳಿಸುವವರು, ಕಾಲ ಮಿಂಚುವವರೆಗೆ ರಕ್ತ ಪರೀಕ್ಷೆ ಮಾಡಿಸದ ಆರೋಗ್ಯ ವ್ಯವಸ್ಥೆ, ಇವರಾರನ್ನೂ ಯಾರೂ ಕೇಳುತ್ತಿಲ್ಲ.

ಉದ್ದಾನವನ್ನೇ ನೋಡಿ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯಲ್ಲಿ, ಒಡಿಶಾ ಗಡಿಗೆ ತಾಗಿದ ಕಡಲಂಚಿನ ಸೀಮೆ ಅದು. ಹೆಸರಿಗೆ ತಕ್ಕ ಹಾಗೆ ತೋಟವೇ: ತೆಂಗು, ಗೇರು, ಹಲಸು. ಪಲಾಸದ ಗೋಡಂಬಿ ದೇಶದ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಕವಿಟಿ, ಕಂಚಿಲಿ, ಸೋಂಪೇಟ, ಇಚ್ಛಾಪುರಂ, ಮಂದಸ, ವಜ್ರಪುಕೊತ್ತೂರು ಮಂಡಲಗಳಲ್ಲಿ 1990ರ ದಶಕದಿಂದ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಸಕ್ಕರೆ ಕಾಯಿಲೆ ಇಲ್ಲದವರು, ಮೊದಲಿಂದ ಬಿಪಿ ಇಲ್ಲದವರು, ನಲವತ್ತು ಐವತ್ತರ ಆಸುಪಾಸಿನ ದುಡಿಯುವ ಜನ ಸುಸ್ತು, ಊಟ ಸೇರದಿರುವುದು, ವಾಕರಿಕೆ ಎಂದು ಆಸ್ಪತ್ರೆಗೆ ಹೋದರೆ ಎರಡೂ ಕಿಡ್ನಿ ಆಗಲೇ ಹೋಗಿರುತ್ತಿದ್ದವು. ಮುಂದೆ ಮನೆಮನೆ ಸುತ್ತಿ ನಡೆಸಿದ ಸಮೀಕ್ಷೆಗಳು ಅಲ್ಲಿಯ ವಯಸ್ಕರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮೂತ್ರಪಿಂಡದ ಕಾಯಿಲೆ ಇದೆ ಎಂದವು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಬರುವುದನ್ನು ಬದಿಗಿಟ್ಟು ಉಳಿದದ್ದಕ್ಕೆ ವೈದ್ಯರು ಇಟ್ಟ ಹೆಸರು 'ಕಾರಣ ತಿಳಿಯದ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ'.

ಹೆಸರಿನಲ್ಲೇ ಕಾರಣ ತಿಳಿಯದು ಎಂದಿದ್ದರೂ ಉತ್ತರ ಮಾತ್ರ ಬಹಳ ಬೇಗ ಸಿದ್ಧವಾಯಿತು. ಸರ್ಕಾರ ಆರ್‌ಒ ಘಟಕಗಳನ್ನು ಹಾಕಿಸಿತು. 20 ಲೀಟರ್ ಕ್ಯಾನಿಗೆ ಆಗ 2 ರೂಪಾಯಿ. 2017ರಲ್ಲಿ ನಟ, ರಾಜಕಾರಣಿ ಪವನ್ ಕಲ್ಯಾಣ್ ಇಚ್ಛಾಪುರಕ್ಕೆ ಹೋದರು, ವಿಷಯ ರಾಜಧಾನಿಯವರೆಗೂ ಸದ್ದು ಮಾಡಿತು. ಹಾರ್ವರ್ಡ್‌ನ ತಜ್ಞರೂ ಬಂದು ನೋಡಿದರು. 2023ರ ಡಿಸೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಜಗನ್ಮೋಹನ ರೆಡ್ಡಿ ವಂಶಧಾರಾ ನದಿಯ ಹಿರಮಂಡಲಂ ಜಲಾಶಯದಿಂದ ನೀರು ತರುವ ಸುಮಾರು 700 ಕೋಟಿ ರೂಪಾಯಿಯ ಯೋಜನೆಯನ್ನೂ ಪಲಾಸದಲ್ಲಿ 200 ಹಾಸಿಗೆಗಳ ಆಸ್ಪತ್ರೆ ಮತ್ತು ಕಿಡ್ನಿ ಸಂಶೋಧನಾ ಕೇಂದ್ರವನ್ನೂ ಉದ್ಘಾಟಿಸಿದರು. ಡಯಾಲಿಸಿಸ್ ರೋಗಿಗಳಿಗೆ ತಿಂಗಳಿಗೆ 10,000 ರೂಪಾಯಿ ಪಿಂಚಣಿ ಅದಕ್ಕೂ ಮೊದಲೇ ಬಂದಿತ್ತು. ಇದ್ಯಾವುದನ್ನೂ ನಾನು ಹೀಗಳೆಯುವುದಿಲ್ಲ. ನದಿಯ ನೀರು ಮನೆಗೆ ಬರುವುದು ಯಾವ ಊರಿನ ಜನರಿಗಾದರೂ ಹಕ್ಕು, ಅದಕ್ಕೆ ಕಾಯಿಲೆಯ ನೆಪ ಬೇಕಿಲ್ಲ. ಆದರೆ ನೀರು ತಂದದ್ದರಿಂದ ಕಾಯಿಲೆಗೆ ಮದ್ದು ಸಿಕ್ಕಿತು ಎಂದು ಹೇಳಿಕೊಳ್ಳಲು ಯಾವ ಆಧಾರವಿದೆ?

ಉದ್ದಾನದ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗದ ಸಂಸ್ಥೆ ಕಡಿಮೆ. ಒಬ್ಬರು ಸಿಲಿಕಾ ಎಂದರು, ಒಬ್ಬರು ಸೀಸ ಎಂದರು, ಇನ್ನೊಬ್ಬರು ಕ್ಯಾಡ್ಮಿಯಂ, ಮತ್ತೊಬ್ಬರು ತೋಟಗಳಿಗೆ ಹೊಡೆದ ಕೀಟನಾಶಕದ ಉಳಿಕೆ. ಯಾವುದೂ ಎಲ್ಲರೂ ಒಪ್ಪುವ ಹಾಗೆ ಸಾಬೀತಾಗಲಿಲ್ಲ. ಇದರಲ್ಲಿ ವಿಜ್ಞಾನಿಗಳ ತಪ್ಪಿಲ್ಲ. ಈ ಕಾಯಿಲೆ ಹತ್ತು ಹದಿನೈದು ವರ್ಷ ಒಳಗೊಳಗೇ ಬೆಳೆಯುತ್ತದೆ. ಇವತ್ತು ಕಿಡ್ನಿ ಹೋಗಿರುವ ಮನುಷ್ಯ ಹದಿನೈದು ವರ್ಷದ ಹಿಂದೆ ಯಾವ ಬಾವಿಯ ನೀರು ಕುಡಿಯುತ್ತಿದ್ದ, ಆ ಬಾವಿಯಲ್ಲಿ ಆಗ ಏನಿತ್ತು ಎಂಬುದನ್ನು ಇವತ್ತಿನ ಬಾಟಲಿ ಹೇಳಲಾರದು. ಅದೇ ಕಾರಣಕ್ಕೆ ಈಗ ಹರಿಯುತ್ತಿರುವ ವಂಶಧಾರಾ ನೀರು ಕೆಲಸ ಮಾಡಿತೋ ಇಲ್ಲವೋ ಎಂಬುದೂ ಇನ್ನೊಂದು ತಲೆಮಾರು ದುಡಿದು ಮುಗಿಸಿದ ಮೇಲಷ್ಟೇ ತಿಳಿಯುತ್ತದೆ. ಅಲ್ಲಿಯವರೆಗೆ ಮಿಕ್ಕದ್ದನ್ನೆಲ್ಲ ನೋಡದೆ ಕೂರುವುದು ಜೂಜು. ಪಣಕ್ಕಿಟ್ಟಿರುವುದು ಕೂಲಿಯವರ ಕಿಡ್ನಿ.

ನೀರೇ ಕಾರಣ, ನೀರೇ ಪರಿಹಾರ ಎಂಬ ನಂಬಿಕೆ ನಮ್ಮಲ್ಲಿ ಇಷ್ಟು ಆಳಕ್ಕೆ ಇಳಿದದ್ದು ಫ್ಲೋರೈಡ್‌ನಿಂದ ಎಂದು ನನಗನಿಸುತ್ತದೆ. 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಮೂಳೆಯ ಫ್ಲೋರೋಸಿಸ್ ವರದಿಯಾಯಿತು. ಆಮೇಲೆ ನಲ್ಗೊಂಡ, ಪ್ರಕಾಶಂ, ನಮ್ಮ ಪಾವಗಡ, ಬಾಗೇಪಲ್ಲಿ, ಕೋಲಾರ, ಹೀಗೆ ಊರೂರಿನ ಮಕ್ಕಳ ಹಲ್ಲು ಕಂದಿದ್ದನ್ನು ಕಣ್ಣಾರೆ ಕಂಡೆವು. ಅಲ್ಲಿ ಒಂದು ಕಾರಣ, ಒಂದು ಕಾಯಿಲೆ, ನಡುವೆ ನೇರ ದಾರಿ. ಒಂದೇ ಬಾವಿಯ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಒಂದೇ ಬಗೆಯ ಕಲೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಜನರ ಚರ್ಮದ ಮೇಲೆ ಬರೆದದ್ದೂ ಹಾಗೆಯೇ ಸ್ಪಷ್ಟವಾಗಿತ್ತು. ಈ ಅನುಭವದಿಂದ ಕಲಿತದ್ದನ್ನು ಕಿಡ್ನಿಗೂ ಹಾಗೇ ಅಂಟಿಸಿಬಿಟ್ಟೆವು. ಆದರೆ ಕಿಡ್ನಿ ಹಲ್ಲಿನಂತಲ್ಲ. ಅದು ಕುಡಿದದ್ದನ್ನಷ್ಟೇ ಅಲ್ಲ, ಬೆವರಿದ್ದನ್ನು, ನುಂಗಿದ ಮಾತ್ರೆಯನ್ನು, ಬೆನ್ನು ಮುರಿದು ದುಡಿದ ದಿನಗಳನ್ನು ಎಲ್ಲವನ್ನೂ ತಾಳಿಕೊಂಡು ಬರುವ ಅಂಗ.

ನಿಕರಾಗುವಾದ ಚಿಚಿಗಲ್ಪ ಎಂಬ ಊರಿನ ಕಥೆ ಇಲ್ಲಿ ಹೇಳಲೇಬೇಕು. ಕಬ್ಬು ಕಡಿಯುವವರ ಊರು. ಗಂಡಸರು ಎಷ್ಟು ಮಂದಿ ಕಿಡ್ನಿ ಕಾಯಿಲೆಯಿಂದ ಸತ್ತರೆಂದರೆ ಅಲ್ಲಿಯ ಒಂದು ಬಡಾವಣೆಗೆ 'ವಿಧವೆಯರ ದ್ವೀಪ' ಎಂದೇ ಹೆಸರು ಬಿತ್ತು. ಅಲ್ಲೂ ಜನ ಮೊದಲು ಬೆರಳು ತೋರಿದ್ದು ನೀರಿನತ್ತ, ಕಬ್ಬಿನ ಗದ್ದೆಯ ಕೀಟನಾಶಕದತ್ತ. ಆದರೆ ಮನೆಯವರೆಲ್ಲ ಅದೇ ಬಾವಿಯ ನೀರು ಕುಡಿಯುತ್ತಿರುವಾಗ ಗದ್ದೆಗೆ ಹೋಗುವ ಗಂಡಸಿಗೆ ಕಾಯಿಲೆ ಅಷ್ಟು ಹೆಚ್ಚೇಕೆ? ತಗ್ಗಿನ ಸೆಖೆಯ ಕಬ್ಬಿನ ಬಯಲಲ್ಲಿ ಇರುವಷ್ಟು ಕಾಯಿಲೆ ಎತ್ತರದ ತಂಪಿನ ಕಾಫಿ ತೋಟಗಳಲ್ಲಿ ಇಲ್ಲವಲ್ಲ, ಯಾಕೆ? ಈ ಪ್ರಶ್ನೆಗಳು ಸಂಶೋಧಕರನ್ನು ಬಿಸಿಲಿನ ಕಡೆಗೆ, ದುಡಿಮೆಯ ಕಡೆಗೆ ತಿರುಗಿಸಿದವು. ಕೆಲಸದ ನಡುವೆ ಕಡ್ಡಾಯ ವಿರಾಮ, ಗದ್ದೆಯ ಬದಿಯಲ್ಲೇ ನೆರಳಿನ ಡೇರೆ, ಕೈಗೆಟುಕುವಲ್ಲಿ ಕುಡಿಯುವ ನೀರು, ಇಷ್ಟನ್ನು ಜಾರಿಗೆ ತಂದ ಕಡೆ ಕಾರ್ಮಿಕರ ಕಿಡ್ನಿಗಾಗುವ ಪೆಟ್ಟು ಕಡಿಮೆಯಾದದ್ದನ್ನು ಅಳೆದು ತೋರಿಸಿದರು. ಬಾವಿಯನ್ನು ಬದಲಿಸಿ ಬಂದ ಫಲ ಇದಲ್ಲ. ಕೆಲಸದ ಪದ್ಧತಿ ಬದಲಿಸಿದ್ದರಿಂದ ಬಂದದ್ದು.

ಮೈ ಕಾದಾಗ ರಕ್ತ ಚರ್ಮದ ಕಡೆ ಓಡುತ್ತದೆ, ಕಿಡ್ನಿಗೆ ಹೋಗುವ ರಕ್ತ ಇಳಿಯುತ್ತದೆ. ಬೆವರಿನಲ್ಲಿ ನೀರು, ಉಪ್ಪು ಎರಡೂ ಹೋಗುತ್ತವೆ. ಮಿತಿಮೀರಿ ದುಡಿದ ಸ್ನಾಯು ಒಡೆದು ಅದರ ಚೂರುಗಳು ರಕ್ತಕ್ಕೆ ಸೇರಿ ಕಿಡ್ನಿಯ ಸೂಕ್ಷ್ಮ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ದಿನ ಹೀಗಾದರೆ ಮರುದಿನಕ್ಕೆ ಸರಿಹೋಗುತ್ತದೆ. ಸುಗ್ಗಿಯುದ್ದಕ್ಕೂ ದಿನಾ ಹೀಗಾದರೆ ನಾಳದ ಸುತ್ತ ಗಾಯದ ಗುರುತು ಉಳಿಯುತ್ತದೆ, ಅದು ವರ್ಷದಿಂದ ವರ್ಷಕ್ಕೆ ಹರಡುತ್ತದೆ. ಸಂಜೆ ಮೈಕೈ ನೋವಿಗೆ ಊರಿನ ಆರ್‌ಎಂಪಿ ಡಾಕ್ಟರು ಚುಚ್ಚುವ ಡೈಕ್ಲೋಫೆನಾಕ್ ಕಿಡ್ನಿಯ ರಕ್ತನಾಳಗಳನ್ನು ಮತ್ತಷ್ಟು ಬಿಗಿಗೊಳಿಸುತ್ತದೆ. ನೀರು ಬತ್ತಿದ ಮೈಗೆ ಈ ಇಂಜೆಕ್ಷನ್ ಎಷ್ಟು ಅಪಾಯವೆಂಬುದು ಎಂಬಿಬಿಎಸ್ ವಿದ್ಯಾರ್ಥಿಗೂ ಗೊತ್ತು. ಕೂಲಿಯವನಿಗೆ ಹೇಳುವವರಿಲ್ಲ. ಹೇಳಿದರೂ ಮರುದಿನದ ಕೂಲಿ ಬಿಟ್ಟು ಮಲಗುವ ಹಾಗಿಲ್ಲ.

ಹಾಗಾದರೆ ಬಿಸಿಲೊಂದೇ ಕಾರಣವೇ? ಅದೂ ಅಲ್ಲ. ಶ್ರೀಲಂಕಾದ ಅನುರಾಧಪುರ, ಪೊಲೊನ್ನರುವ ಸೀಮೆಯ ಭತ್ತದ ರೈತರಲ್ಲೂ 1990ರ ದಶಕದಿಂದ ಇದೇ ಕಾಯಿಲೆ. ಅಲ್ಲಿ ನೀರಿನ ವಿರುದ್ಧ ಬಲವಾದ ಸಾಕ್ಷ್ಯವಿದೆ: ಗಡಸು ನೀರು, ಹೆಚ್ಚು ಫ್ಲೋರೈಡ್ ಇರುವ ಬಾವಿಗಳ ಊರುಗಳಲ್ಲಿ ಕಾಯಿಲೆ ಹೆಚ್ಚು, ಚಿಲುಮೆಯ ನೀರು ಕುಡಿಯುವವರಲ್ಲಿ ಕಡಿಮೆ ಎಂದು ಕಂಡವರಿದ್ದಾರೆ. ಆದರೆ ಆ ದೇಶ ಒಬ್ಬನೇ ಅಪರಾಧಿಯನ್ನು ಹುಡುಕುವ ದಾರಿಯಲ್ಲಿ ಎಷ್ಟು ಸುತ್ತಾಡಿತು ನೋಡಿ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ನಡೆಸಿದ ಅಧ್ಯಯನ ಕ್ಯಾಡ್ಮಿಯಂ ಕಡೆ ಗಮನ ಸೆಳೆಯಿತು. ಮರುವರ್ಷ ಚನ್ನ ಜಯಸುಮನ ಮತ್ತವರ ಸಹೋದ್ಯೋಗಿಗಳು ಗಡಸು ನೀರಿನ ಜೊತೆ ಕಳೆನಾಶಕ ಗ್ಲೈಫೋಸೇಟ್ ಸೇರಿದರೆ ಕಿಡ್ನಿಗೆ ಕುತ್ತು ಎಂಬ ಊಹೆ ಮುಂದಿಟ್ಟರು. 2015ರಲ್ಲಿ ಸರ್ಕಾರ ಗ್ಲೈಫೋಸೇಟ್ ನಿಷೇಧಿಸಿತು. 2018ರಲ್ಲಿ ಚಹಾ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟಿತು. ನಿಷೇಧ ಹೇರಿದವರೂ ಸಡಿಲಿಸಿದವರೂ ತಮ್ಮ ತಮ್ಮ ಅಪರಾಧಿಯ ವಿಷಯ ಮಾತಾಡಿದರು. ಮಟಮಟ ಮಧ್ಯಾಹ್ನ ಗದ್ದೆಯಲ್ಲಿ ಔಷಧದ ಡಬ್ಬ ಬೆನ್ನಿಗೆ ಕಟ್ಟಿಕೊಂಡು ಬರಿಮೈಯಲ್ಲಿ ನಡೆಯುವ ರೈತ ಮಾತ್ರ ಹಾಗೇ ನಡೆಯುತ್ತಿದ್ದ. ಆ ಒಬ್ಬನ ಮೈಯಲ್ಲಿ ಗಡಸು ನೀರು, ಕಳೆನಾಶಕ, ಬಿಸಿಲು, ಬಾಯಾರಿಕೆ ನಾಲ್ಕೂ ಒಟ್ಟಿಗೆ ಕೆಲಸ ಮಾಡುತ್ತಿರುವಾಗ ಒಂದನ್ನೇ ಆರಿಸಿ ಎಂದು ಕೇಳುವ ನಮ್ಮ ಪ್ರಶ್ನೆಯೇ ತಪ್ಪು.

ಈ ನಾಲ್ಕೂ ಒಂದಕ್ಕೊಂದು ಕೈಜೋಡಿಸುತ್ತವೆ. ಸವುಳು ನೀರು ಬಾಯಿಗೆ ಹಿತವಲ್ಲ, ಆದ್ದರಿಂದ ಜನ ಕಡಿಮೆ ಕುಡಿಯುತ್ತಾರೆ. ಕಡಿಮೆ ಕುಡಿದಾಗ ಮೂತ್ರ ಗಟ್ಟಿಯಾಗಿ ಅದರಲ್ಲಿರುವ ವಿಷವೆಲ್ಲ ಕಿಡ್ನಿಯಲ್ಲಿ ಸಾಂದ್ರವಾಗುತ್ತದೆ. ಬಿಸಿಲಿನಲ್ಲಿ ದುಡಿಯುವವನು ನಾಲ್ಕೈದು ಲೀಟರ್ ಕುಡಿದರೆ ಅದೇ ಬಾವಿಯ ವಿಷ ಮನೆಯಲ್ಲಿರುವವರಿಗಿಂತ ಎರಡು ಪಟ್ಟು ಅವನ ಹೊಟ್ಟೆ ಸೇರುತ್ತದೆ. ಕುಡಿದರೂ ಕಷ್ಟ, ಬಿಟ್ಟರೂ ಕಷ್ಟ. ಬೋರ್‌ವೆಲ್ ಮುಟ್ಟಬೇಡಿ, ಕಿಡ್ನಿ ಹೋಗುತ್ತದೆ ಎಂದು ಹೆದರಿಸಿ, ಬದಲಿಗೆ ಗದ್ದೆಯಲ್ಲಿ ಕೈಗೆ ಬೇರೆ ನೀರು ಕೊಡದಿದ್ದರೆ ಆ ಮನುಷ್ಯ ಏನು ಮಾಡಬೇಕು?

ನಮ್ಮ ಬಯಲುಸೀಮೆಯ ಯಾವುದಾದರೂ ಶುದ್ಧ ನೀರಿನ ಘಟಕದ ಮುಂದೆ ಬೆಳಿಗ್ಗೆ ಒಂದು ತಾಸು ನಿಂತರೆ ಇದು ಅರ್ಥವಾಗುತ್ತದೆ. ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ. ಸ್ಕೂಟರಿನ ಮುಂದೆ ನೀಲಿ ಕ್ಯಾನ್ ಇಟ್ಟುಕೊಂಡು ಬರುವವರು ಎರಡು ಮೂರು ಕ್ಯಾನ್ ಒಯ್ಯುತ್ತಾರೆ. ಕೂಲಿಗೆ ಹೋಗುವ ಹೆಂಗಸು ಸೊಂಟದ ಮೇಲೆ ಒಂದು ಕ್ಯಾನ್ ಇಟ್ಟುಕೊಂಡು ಹೋಗುತ್ತಾಳೆ. ಅದು ಮನೆಮಂದಿಯ ಅಡುಗೆಗೆ, ಕುಡಿಯಲು. ಅದರಲ್ಲಿ ಒಂದು ಹಳೆಯ ಪೆಪ್ಸಿ ಬಾಟಲಿ ತುಂಬಿಸಿಕೊಂಡು ಅವಳು ಎಂಟು ಗಂಟೆಗೆ ಕೆಲಸಕ್ಕೆ ಹೊರಡುತ್ತಾಳೆ. ಹನ್ನೊಂದಕ್ಕೆ ಬಾಟಲಿ ಖಾಲಿ. ಆಮೇಲೆ ಸಂಜೆಯವರೆಗೆ ಅವಳು ಕುಡಿಯುವುದು ತೋಟದ ಬೋರಿನ ನೀರು, ಇಲ್ಲವೇ ಏನೂ ಇಲ್ಲ. ಬಯಲಿಗೆ ಹೋಗಲು ಮರೆಯಿಲ್ಲದ ಹೊಲದಲ್ಲಿ ಹೆಂಗಸರು ಬೇಕೆಂದೇ ನೀರು ಕುಡಿಯುವುದನ್ನು ಬಿಡುತ್ತಾರೆ. ಅಷ್ಟರಲ್ಲಿ ಘಟಕದ ಹಿಂದಿನ ಪೈಪಿನಿಂದ ಫ್ಲೋರೈಡ್, ಉಪ್ಪು ಎಲ್ಲ ಸಾಂದ್ರವಾದ ತ್ಯಾಜ್ಯ ನೀರು ಚರಂಡಿಗೆ ಹರಿದು ಮತ್ತೆ ಅದೇ ನೆಲಕ್ಕೆ ಇಳಿಯುತ್ತಿರುತ್ತದೆ. ಮೆಂಬ್ರೇನ್ ಸವೆದು, ಮೋಟಾರು ಸುಟ್ಟು ಬಾಗಿಲು ಹಾಕಿದ ಘಟಕಗಳ ವಿಷಯ ವಿಧಾನಮಂಡಲದಲ್ಲಿ ಪದೇ ಪದೇ ಏಳುತ್ತದೆ. ಆದರೆ ನನ್ನ ತಕರಾರು ಕೆಟ್ಟ ಘಟಕದ ಮೇಲಲ್ಲ. ಚೆನ್ನಾಗಿ ನಡೆಯುವ ಘಟಕವೂ ಆ ಹೆಂಗಸಿನ ದಿನದ ಅತಿ ಕಷ್ಟದ ಎಂಟು ತಾಸನ್ನು ಮುಟ್ಟುವುದಿಲ್ಲ.

ನಮ್ಮ ನೀರಿನಲ್ಲಿ ನಿಜವಾದ ಅಪಾಯವಿದೆ ಎಂಬುದನ್ನೂ ಇಲ್ಲೇ ಹೇಳಬೇಕು. ಪೂರ್ವ ಕರ್ನಾಟಕದ ಒಣ ಜಿಲ್ಲೆಗಳ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿದ ವಿಜ್ಞಾನಿಗಳು 2021ರಲ್ಲಿ ವರದಿ ಮಾಡಿದಂತೆ, 57 ಹಳ್ಳಿಗಳಲ್ಲಿ ಯುರೇನಿಯಂ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಂ ದಾಟಿತ್ತು. ಇದು ಯಾವ ಕಾರ್ಖಾನೆಯೂ ಸುರಿದದ್ದಲ್ಲ. ಗ್ರಾನೈಟ್ ಬಂಡೆಯೊಳಗೇ ಇರುವ ಯುರೇನಿಯಂ, ನಾವು ಸಾವಿರ ಅಡಿ ದಾಟಿ ಕೊರೆದಂತೆಲ್ಲ ನೀರಿನ ಜೊತೆ ಮೇಲೆ ಬರುತ್ತಿದೆ. ಯುರೇನಿಯಂ ಎಂದ ಕೂಡಲೇ ಜನ ವಿಕಿರಣಕ್ಕೆ ಹೆದರುತ್ತಾರೆ. ಕುಡಿಯುವ ನೀರಿನಲ್ಲಿ ಅದರ ಮೊದಲ ಪೆಟ್ಟು ರಾಸಾಯನಿಕವಾದದ್ದು, ಬೀಳುವುದು ಕಿಡ್ನಿಯ ನಾಳಗಳ ಮೇಲೆ. ಆರ್‌ಒ ಅದನ್ನು ಸೋಸುತ್ತದೆ, ನಿಜ. ಆದರೆ ಈ ವರದಿಯ ನಂತರ ಸರ್ಕಾರ ಮೊದಲು ಕೇಳಬೇಕಿದ್ದ ಪ್ರಶ್ನೆ ಘಟಕಗಳ ಸಂಖ್ಯೆಯದಲ್ಲ. ಆ 57 ಹಳ್ಳಿಗಳಲ್ಲಿ ಎಷ್ಟು ಜನರ ಕಿಡ್ನಿ ಈಗ ಹೇಗಿದೆ ಎಂಬುದು. ನೀರನ್ನು ಪರೀಕ್ಷಿಸಿದ ನಾವು ನೀರು ಕುಡಿದವರನ್ನು ಪರೀಕ್ಷಿಸದೆ ಬಿಡುವುದು ಹೇಗೆ ಸರಿ?

ಪರೀಕ್ಷೆ ಎಂಬುದು ಈ ಕಾಯಿಲೆಯಲ್ಲಿ ಬದುಕು ಸಾವಿನ ಮಾತು. ಸಕ್ಕರೆ ಕಾಯಿಲೆಯವರ ಕಿಡ್ನಿ ಕೆಡುವಾಗ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ಕಾಲು ಊದುತ್ತದೆ. ಈ ಕಾಯಿಲೆಯಲ್ಲಿ ಮೊದಲ ಹಂತಗಳಲ್ಲಿ ಊತವಿಲ್ಲ, ಬಿಪಿ ಏರುವುದಿಲ್ಲ, ಪ್ರೋಟೀನ್ ಹೆಚ್ಚೇನೂ ಹೋಗುವುದಿಲ್ಲ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪಟ್ಟಿ ಅದ್ದಿ ಮಾಡುವ ಮೂತ್ರ ಪರೀಕ್ಷೆಗೆ ಇದು ಸಿಕ್ಕುವುದು ಅಪರೂಪ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ ನೋಡಬೇಕು. ಅದೂ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗುವವರೆಗೆ ಹೆಚ್ಚೇನೂ ಏರದ್ದರಿಂದ ವರ್ಷಕ್ಕೊಮ್ಮೆ ನೋಡಿ ಹೋಲಿಸಬೇಕು. ದುಬಾರಿ ಪರೀಕ್ಷೆಯೇನಲ್ಲ. ಇದನ್ನು ಬಿಟ್ಟು ನಾವು ಕಟ್ಟಿದ್ದು ಡಯಾಲಿಸಿಸ್ ಕೇಂದ್ರ. ಒಂದು ಸಲದ ಡಯಾಲಿಸಿಸ್‌ಗೆ ನಾಲ್ಕು ತಾಸು, ಸುಮಾರು 120 ಲೀಟರ್ ಅತಿ ಶುದ್ಧ ನೀರು. ವಾರಕ್ಕೆ ಮೂರು ಸಲ ಮಾಡಿಸಬೇಕಾದವರು ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ ಲೆಕ್ಕ ಹಾಕಿ ಎರಡೇ ಸಲ ಹೋಗುತ್ತಾರೆ. ಕೇಂದ್ರಗಳು ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಬಾಗಿಲಲ್ಲೇ ಹಿಡಿಯಬಹುದಾಗಿದ್ದ ಕಾಯಿಲೆಯನ್ನು ಒಳಗೆ ಬರಲು ಬಿಟ್ಟು ಆಮೇಲೆ ಹಾಸಿಗೆಗಳ ಸಂಖ್ಯೆ ಹೇಳುವುದು ಸಾಧನೆಯಲ್ಲ.

ನನ್ನ ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ಹೋರಾಟಗಾರ ಗೆಳೆಯರು ಎತ್ತುತ್ತಾರೆ. ಕಾರಣ ಹಲವು ಎಂದರೆ ಯಾರೂ ಹೊಣೆಗಾರರಲ್ಲ ಎಂದ ಹಾಗೆ, ಕೀಟನಾಶಕ ಕಂಪನಿಗಳಿಗೆ, ಗಣಿಯವರಿಗೆ ಇದೇ ಬೇಕಿರುವುದು ಎಂದು. ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲಿ ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನ ಜನ ಸಾಕ್ಷ್ಯ ಎಲ್ಲಿ, ಸಾಕ್ಷ್ಯ ಎಲ್ಲಿ ಎಂಬ ಪ್ರಶ್ನೆಯನ್ನು ವರ್ಷಗಟ್ಟಲೆ ಎದುರಿಸಿ ನೊಂದವರು. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಅನುಮಾನವನ್ನು ಕಾಲ ತಳ್ಳಲು ಬಳಸುವುದು ಬೇರೆ, ಕಾರಣ ಪೂರ್ತಿ ತಿಳಿಯುವ ಮೊದಲೇ ಅನುಮಾನ ಇರುವ ಕಡೆಯಲ್ಲೆಲ್ಲ ಕೆಲಸ ಮಾಡಿ ಎಂದು ಒತ್ತಾಯಿಸುವುದು ಬೇರೆ. ನಾನು ಕೇಳುತ್ತಿರುವುದು ಎರಡನೆಯದನ್ನು. ನೀರಿಗೆ ಮಾತ್ರ ಹೊಣೆ ಹೊರಿಸಿದಾಗ ಕಂಪನಿಯವರೇ ಬೇಗ ಪಾರಾಗುತ್ತಾರೆ: ಸಮಾಜಸೇವೆಯ ನಿಧಿಯಿಂದ ಒಂದು ಆರ್‌ಒ ಘಟಕ ಕಟ್ಟಿಸಿ, ಅದರ ಗೋಡೆಯ ಮೇಲೆ ಹೆಸರು ಬರೆಸಿದರೆ ಮುಗಿಯಿತು. ಕಬ್ಬು ಕಡಿಯುವವರ ಟನ್ ಲೆಕ್ಕದ ಕೂಲಿಯನ್ನು ದಿನದ ಲೆಕ್ಕಕ್ಕೆ ತನ್ನಿ, ಮಧ್ಯಾಹ್ನ ಮೂರು ತಾಸು ಕೆಲಸ ನಿಲ್ಲಿಸಿ ಎಂದರೆ ಆಗ ಅವರ ಜೇಬಿಗೆ ಕೈ ಹೋಗುತ್ತದೆ.

ಕಾರಣ ಸಿಗಲಿ, ಆಮೇಲೆ ನೋಡೋಣ ಎಂದು ಕುಳಿತರೆ ಏನಾಗುತ್ತದೆಂಬುದಕ್ಕೆ ನಮ್ಮಲ್ಲೇ ಹಂದಿಗೋಡು ಇದೆ. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1970ರ ದಶಕದ ಮಧ್ಯದಲ್ಲಿ ಬಡ ದಲಿತ ಕುಟುಂಬಗಳ ಜನ ಸೊಂಟ, ಮಂಡಿ ಸವೆದು ನಡೆಯಲಾಗದವರಾದರು. ಕೀಟನಾಶಕ ಸೇರಿದ ಗದ್ದೆಯ ಏಡಿ ತಿಂದದ್ದರಿಂದ ಎಂಬ ಅನುಮಾನ ಮೊದಲು ಬಂತು, ಸಂಶೋಧನೆ ಮುಂದೆ ವಂಶವಾಹಿಯ ಕಡೆ ತಿರುಗಿತು. ತಂಡಗಳು ಬಂದವು, ರಕ್ತ ತೆಗೆದುಕೊಂಡವು, ಹೋದವು. ಕಾರಣದ ಚರ್ಚೆ ದಶಕಗಟ್ಟಲೆ ನಡೆಯಿತು. ತೆವಳಿಕೊಂಡು ಬದುಕುವವರ ಅನ್ನದ, ಔಷಧದ ಪ್ರಶ್ನೆ ಆ ಚರ್ಚೆಯ ಕೊನೆಗೆ ಕಾಯಬೇಕಾಯಿತು.

ಬಿಸಿಲಿನ ಅಪಾಯ ಸರ್ಕಾರಕ್ಕೆ ತಿಳಿಯದ ವಿಷಯವಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂತವರಿಗೆ ಈ ರಕ್ಷಣೆ ಇರುವಾಗ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಗದ್ದೆಯಲ್ಲಿ ಟನ್ನಿಗಿಷ್ಟು ಎಂದು ಕಡಿಯುವ ಗ್ಯಾಂಗುಗಳಿಗೆ, ಇಟ್ಟಿಗೆ ಗೂಡಿನವರಿಗೆ, ಕಲ್ಲು ಕ್ವಾರಿಯವರಿಗೆ ಯಾಕಿಲ್ಲ? ತಮಿಳುನಾಡಿನ ಉಪ್ಪಿನ ಗದ್ದೆಗಳಲ್ಲಿ ದುಡಿಯುವವರನ್ನು ಪರೀಕ್ಷಿಸಿದ ಚೆನ್ನೈನ ಸಂಶೋಧಕರು ಕಿಡ್ನಿಯ ಶಕ್ತಿ ಕುಂದಿದವರನ್ನು ಅಲ್ಲೂ ಕಂಡಿದ್ದಾರೆ. ಕಬ್ಬಿನ ಗ್ಯಾಂಗುಗಳ ಬಳಿಗೆ ರಕ್ತ ಪರೀಕ್ಷೆಯ ಗಾಡಿ ಒಯ್ಯುವುದು ಸಕ್ಕರೆ ಕಾರ್ಖಾನೆಗಳ ಖರ್ಚಿನಲ್ಲೇ ಆಗಬೇಕು, ಹಂಗಾಮಿನ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ. ಎರಡು ಕ್ರಿಯಾಟಿನಿನ್ ಅಂಕಿಗಳ ನಡುವಿನ ಅಂತರ ಆ ಹಂಗಾಮು ಅವರ ಮೈಗೆ ಏನು ಮಾಡಿತು ಎಂದು ಹೇಳುತ್ತದೆ. ಪಾವಗಡ, ಚಿಂತಾಮಣಿ, ಮುಳಬಾಗಿಲಿನಂಥ ಕಡೆ ಪ್ರತಿ ಬೋರ್‌ವೆಲ್ ನೀರಿನ ಯುರೇನಿಯಂ, ಫ್ಲೋರೈಡ್ ಫಲಿತಾಂಶವನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಯಬೇಕು. ಅದೇ ಊರಿನ ಮೂವತ್ತು ದಾಟಿದವರಿಗೆಲ್ಲ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಆಶಾ ಕಾರ್ಯಕರ್ತೆಯರ ಪಟ್ಟಿಗೆ ಸೇರಬೇಕು. ಹೊಲಕ್ಕೆ ಹೋಗುವ ನೀರಿನ ಹೊಣೆ ಹೊಲದ ಒಡೆಯನದ್ದೂ ಉದ್ಯೋಗ ಖಾತರಿ ಕಾಮಗಾರಿಯಾದರೆ ಪಂಚಾಯಿತಿಯದ್ದೂ ಆಗಬೇಕು: ತಲೆಗೆ ಐದು ಲೀಟರ್, ಘಟಕದಿಂದಲೇ ತುಂಬಿಸಿ ತಂದದ್ದು, ನೆರಳಿನಲ್ಲಿ ಇಟ್ಟದ್ದು. ಅದರ ಖರ್ಚನ್ನು ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಮಣ್ಣು, ಕಲ್ಲು, ಸಿಮೆಂಟಿನ ಸಾಲಿನ ಕೆಳಗೆ ಒಂದು ಸಾಲಾಗಿ ಬರೆಯಲಿ.